ಪ್ರಭಾಕರನ ಆರತಿ ಗಾಡಿ

ಪ್ರಭಾಕರ ಕೇಂದ್ರ ಸರ್ಕಾರದ ನೌಕರ. ಸರ್ಕಾರ ಅವನನ್ನು ಗದಗಿನಿಂದ ಎತ್ತಿ ಛತ್ರಪತಿ ಸಂಭಾಜಿನಗರದಲ್ಲಿ ಇಳಿಸಿತು. ಹೆಂಡತಿ ಮಂದಾಕಿನಿಯನ್ನು ಅವಳ ಬ್ಯಾಂಕು ನಾಸಿಕಕ್ಕೆ ಹಾಕಿತು. ಹೀಗಾಗಿ ಅವನು ವಾರವೆಲ್ಲ ಒಂಟಿ, ಶನಿವಾರ ಭಾನುವಾರ ಗಂಡ. ಒಂಟಿಯಾದ ಗಂಡಸರು ಹಾಳಾಗಲು ನಾನಾ ದಾರಿಗಳಿವೆ. ಇವನು ಸೋಲ್ಡರಿಂಗ್ ಐರನ್ ಹಿಡಿದ.

ನಾಸಿಕದ ಮನೆಯಲ್ಲಿ ಅದರ ಸಾಕ್ಷಿಗಳಿವೆ: ಯಾರೂ ಬಾರದಿದ್ದರೂ ಕೂಗಿಕೊಳ್ಳುವ ಬಾಗಿಲ ಗಂಟೆ, ತುಂಬಿದ ಮೇಲೂ ನೀರು ಕರೆಯುವ ಟ್ಯಾಂಕು. ಆದ್ದರಿಂದ ಈ ಸಲದ ಗಣಪತಿ ಹಬ್ಬಕ್ಕೆ, "ಅವ್ವನ ಸಲುವಾಗಿ ಒಂದು ರೋಬೋಟ್ ಮಾಡೀನಿ" ಎಂದು ಫೋನ್ ಬಂದಾಗ ಮಂದಾಕಿನಿ ಹೇಳಿದ್ದು ಇಷ್ಟೇ: "ರೀ, ಬರಿಗೈಲೆ ಬರ್ರಿ."

ತೊಂದರೆ ಸೊಸೆಯ ಜೊತೆ ನಾಸಿಕದಲ್ಲೇ ಇದ್ದ ಅವ್ವ ದಾನಮ್ಮನವರದು. ಮೊಣಕಾಲು ಹಿಡಿದಿದ್ದರಿಂದ ಅಪಾರ್ಟ್‌ಮೆಂಟ್ ಸೊಸೈಟಿ ಗಣಪತಿ ಕೂರಿಸುವ ಹಾಲ್‌ನಲ್ಲಿ ಅವರಿಗೆ ಹಿಂದಿನ ಗೋಡೆಗೆ ಕುರ್ಚಿ. ಆರತಿ ಹಾಡು ಒಂದು ಮುಗಿದರೆ ಇನ್ನೊಂದು. ತಟ್ಟೆ ಕೈಯಿಂದ ಕೈಗೆ ದಾಟಿ ಅಲ್ಲಿಗೆ ಬರುವಷ್ಟರಲ್ಲಿ ಆರತಿ ಆರಿಯೇ ಇರುತ್ತಿತ್ತು. ಪ್ರತಿ ವರ್ಷ ಹೊಗೆಗೇ ಕೈಮುಗಿಯುತ್ತಿದ್ದರು.

"ಕುರ್ಚಿ ಮುಂದ ಹಾಕ್ತೀನ್ರಿ ಅತ್ತಿ," ಎಂದಿದ್ದಳು ಮಂದಾಕಿನಿ.

"ಎಲ್ಲಾರೂ ನಿಂತಾಗ ನಾ ಒಬ್ಬಾಕಿ ದೇವರ ಮುಂದ ರಾಣಿಗತೆ ಕುಂದ್ರಲೇನ?"

"ಹಂಗಾರ ತಟ್ಟಿ ನಾ ತರ್ತೀನಿ."

"ಮಂದಿ ಕೈಯಾಗಿಂದ ಕಸಗೊಂಡು? ಬ್ಯಾಡವ್ವ."

ಹಾಗಾಗಿ ಗಾಡಿ. ಒಂದು ಸಾಬೂನಿನ ಡಬ್ಬಿ, ಆಟಿಕೆ ಕಾರಿನಿಂದ ಕಿತ್ತ ಎರಡು ಮೋಟರು, ಬ್ಯಾಟರಿ, ಮುಂದುಗಡೆ ಕಣ್ಣಿನಂತೆ ಕಡಲೆಬೇಳೆ ಗಾತ್ರದ ಎರಡು ಬೆಳಕಿನ ಸೆನ್ಸರು. ಎಡಗಣ್ಣಿಗೆ ಬೆಳಕು ಬಿದ್ದರೆ ಬಲಗಡೆಯ ಗಾಲಿ ಓಡಿ ಗಾಡಿ ಎಡಕ್ಕೆ ಹೊರಳುತ್ತದೆ. ಬಲಗಣ್ಣಿಗೆ ಬಿದ್ದರೆ ಬಲಕ್ಕೆ. ಎರಡಕ್ಕೂ ಬಿದ್ದರೆ ನೆಟ್ಟಗೆ. ದಾನಮ್ಮನವರು ಟಾರ್ಚು ಹಿಡಿದು ಕೂತರೆ ಸಾಕು, ಆರತಿ ಜನರ ಕಾಲ ಸಂದಿಯಲ್ಲಿ ತಾನೇ ಅವರ ಬಳಿ ಬರುತ್ತದೆ. ರೈಲಿನಲ್ಲಿ ನಾಸಿಕಕ್ಕೆ ತರುವಾಗ ಮನ್ಮಾಡಿನಲ್ಲಿ ತಂತಿ ನೇತಾಡುವ ಡಬ್ಬಿ ಕಂಡು ಹೆದರಿ ಎದುರು ಸೀಟಿನವರು ಎದ್ದು ಹೋದರಂತೆ. ಕಾಲು ಚಾಚಲು ಜಾಗವಾಯಿತೆಂದು ಇವನಿಗೆ ಖುಷಿ.

ಮನೆಯಲ್ಲಿ ತಾಲೀಮು. ಮಂದಾಕಿನಿ ನೀಲಾಂಜನಕ್ಕೆ ತುಪ್ಪದ ಬತ್ತಿ ಹಾಕಿ ಕಡ್ಡಿ ಗೀರಹೋದಳು.

"ದೇವರ ದೀಪ ಆಟಕ್ಕ ಹಚ್ಚತಾರೇನ? ಇಡು ಕೆಳಗ!" ಎಂದರು ದಾನಮ್ಮ.

ದೀಪದ ಬದಲು ತಟ್ಟೆಯಲ್ಲಿ ನಿಂಬೆಹಣ್ಣು ಕೂತಿತು. ನಿಂಬೆಹಣ್ಣು ಹೊತ್ತ ಗಾಡಿ ಟಾರ್ಚಿನತ್ತ ಸಾಕಿದ ಬೆಕ್ಕಿನಂತೆ ಬಂತು. ಪ್ರಭಾಕರ ಹೆಂಡತಿಯತ್ತ ನೋಡಿದ. ಅವಳು ನಿಂಬೆಹಣ್ಣನ್ನು ಎತ್ತಿಟ್ಟಳು. ಟ್ಯಾಂಕೂ ಮೊದಲ ದಿನ ಸರಿಯಿತ್ತು.

ಸಂಜೆ ಆರತಿ. ಹಾಲ್‌ನ ದೀಪಗಳನ್ನು ಆರಿಸಿದರು. ಗಾಡಿಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಉರಿಯುವ ನೀಲಾಂಜನ, ಅದರೆದುರು ದೂರದ ಗೋಡೆಯ ಬಳಿ ದಾನಮ್ಮನವರ ಟಾರ್ಚು. ಪ್ರಭಾಕರ ಸ್ವಿಚ್ ಒತ್ತಿದ. ಗಾಡಿ ಕುಲುಕಿ ನೀಲಾಂಜನ ಬಲಗಣ್ಣಿನ ಪಕ್ಕಕ್ಕೆ ಜಾರಿತು. ಇಷ್ಟು ಹತ್ತಿರ ಇಷ್ಟು ಬೆಳಕಿರುವಾಗ ದೂರದ ಟಾರ್ಚು ಯಾರಿಗೆ ಬೇಕು? ಗಾಡಿ ಬಲಕ್ಕೆ ತಿರುಗಿತು. ಬೆನ್ನ ಮೇಲಿನ ದೀಪವೂ ತಿರುಗಿತು. ಮತ್ತೆ ಬಲಕ್ಕೆ. ಮತ್ತೆ.

"ಅರೇ ವಾ, ಪ್ರದಕ್ಷಿಣಾ!" ಎಂದು ಸೊಸೈಟಿಯ ಶಶಿಕಾಂತ ಕಾಕಾ ಕೈಮುಗಿದರು. ಗಾಡಿ ನಿಂತಲ್ಲೇ ಆತ್ಮಪ್ರದಕ್ಷಿಣೆ ಹಾಕುವುದನ್ನು ಕಂಡು ಹೆಂಗಸರು ಹೂವು ಏರಿಸಿದರು. ನಿಲ್ಲಿಸಲು ಹೋದ ಪ್ರಭಾಕರನನ್ನು ಯಾರೋ ಕೈ ಹಿಡಿದು ಎಳೆದು, ತಡೀರಿ, ಅದು ನಡೀಲಿ ಎಂದು ಮರಾಠಿಯಲ್ಲಿ ಕೂಗಿದರು: "ಥಾಂಬಾ, ಥಾಂಬಾ, ಚಾಲು ದ್ಯಾ!"

ಹಿಂದಿನಿಂದ ಗುಡುಗು ಬಂತು. "ಪ್ರಭ್ಯಾ! ನನ್ನ ಕಡೆ ಬರತೈತಿ ಅಂದಿ, ತನ್ನ ಸುತ್ತ ತಾನ ತಿರಗಾಕತ್ತೈತಲ್ಲೋ, ನಿಮ್ಮಪ್ಪನಗತೆ! ಈ ವರ್ಷನೂ ಆರತೈತಿ ನೋಡು!"

ದಾನಮ್ಮನವರು ಎದ್ದರು. ಒಬ್ಬರ ಭುಜ, ಇನ್ನೊಬ್ಬರ ಮೊಣಕೈ, ಬಾಯಲ್ಲಿ ಬೈಗುಳ. ಜನ ದಾರಿ ಬಿಟ್ಟರು. ಬಗ್ಗಿ, ತಿರುಗುವ ಜ್ವಾಲೆಯ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಬೆಚ್ಚಗಿತ್ತು.

"ಗಾಡಿ ಅವ್ವನ ಹತ್ರ ಹೋಗಬೇಕಿತ್ತು, ಅವ್ವನೇ ಗಾಡಿ ಹತ್ರ ಬಂದ್ಲು," ಎಂದ ಪ್ರಭಾಕರ. "ಹೆಂಗ ಹೋದ್ರೂ ದೂರ ಅಷ್ಟ ಅಲ್ಲೇನ?"

ಅಷ್ಟರಲ್ಲಿ ದಾನಮ್ಮನವರ ಮೊಣಕಾಲು ಅಲ್ಲೇ ಸೆಟೆದುಕೊಂಡಿತು. ಅತ್ತೆಯನ್ನು ಹಿಡಿದು ನಿಂತ ಮಂದಾಕಿನಿ ಹಿಂದಿನ ಗೋಡೆಯತ್ತ ನೋಡಿ ನಿಟ್ಟುಸಿರಿಟ್ಟಳು.

"ಈಗ ಇವರನ್ನ ಕುರ್ಚಿತನಕ ಯಾರು ಒಯ್ಯಾವ್ರು? ಅದಕ್ಕೂ ಒಂದು ಗಾಡಿ ಮಾಡೀರೇನ್ರಿ?"

ಪ್ರಭಾಕರ ಕುರ್ಚಿಯ ಕಾಲುಗಳನ್ನೇ ನೋಡತೊಡಗಿದ.