ಬೆನ್ನಬೇತಾಳ

ಐವತ್ತರ ದಶಕದಲ್ಲಿ ಬಾಂದ್ರಾದ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನ ಕುರ್ಚಿ ಸಿಗುವುದೇ ಪುಣ್ಯ. ಉಣ್ಣುವವನ ಬೆನ್ನಿಗೇ ಇನ್ನೊಬ್ಬ ಬಂದು ನಿಂತು, ಎಲೆಯಲ್ಲಿ ಎಷ್ಟು ಅನ್ನ ಉಳಿದಿದೆಯೆಂದು ನೋಡುತ್ತಿದ್ದ. ಹಾಗೆ ನಿಲ್ಲುವವನಿಗೆ ನಾನೂ ನನ್ನ ಧಾರವಾಡದ ಗೆಳೆಯನೂ ‘ಬೆನ್ನಬೇತಾಳ’ ಎಂದು ಹೆಸರಿಟ್ಟಿದ್ದೆವು. “ಲಗೂನ ಉಣ್ಣಲೇ, ಬೇತಾಳ ಬಂದೈತಿ!” ಎಂದು ಅವನು ನಗಿಸಿದರೆ ನನಗೆ ಸಾರು ನೆತ್ತಿಗೇರುತ್ತಿತ್ತು.

ಗೆಳೆಯ ಮದುವೆಯಾಗಿ ಗೋರೆಗಾಂವಿಗೆ ಹೋದ. ಮನೆಯೂಟ ಸಿಕ್ಕವನು ಹೋಟೆಲಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ದೀಪಾವಳಿಯ ದಿನ ಹೋಟೆಲು ಖಾಲಿ, ನಾನೊಬ್ಬನೇ. ಆದರೂ ರೂಢಿಯಂತೆ ಗಬಗಬ ಉಣ್ಣುತ್ತಿದ್ದೆ. ಬಡಿಸುವವನಿಗೆ ಕನಿಕರವಾಯಿತೇನೋ.

“ನಿಧಾನ ಊಟ ಮಾಡಿ ಮಾರಾಯ್ರೇ, ಇವತ್ತು ನಿಮ್ಮ ಹಿಂದೆ ಯಾರೂ ಇಲ್ಲ” ಎಂದ.

ತಿರುಗಿ ನೋಡಿದೆ. ನಿಜ, ಯಾರೂ ಇರಲಿಲ್ಲ; ಗೆಳೆಯ ಕೂರುತ್ತಿದ್ದ ಕುರ್ಚಿಯೂ ಖಾಲಿ. ಮಜ್ಜಿಗೆಗೂ ಕಾಯದೆ ಎದ್ದುಬಿಟ್ಟೆ.