ಭತ್ತದ ಚೀಲಗಳ ನಡುವೆ ಬಿಟ್ಟ ಜಾಗ

ನಾನು ಹನ್ನೊಂದು ವರ್ಷ ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದೆ. ಈ ಮಾತು ಕೇಳಿದರೆ ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯ ಕೆಲವರು ಇವತ್ತಿಗೂ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಕೈ ನೋಡುತ್ತಾರೆ, ಕೊನೆಗೆ ಪಾಪ ಎನ್ನುವಂತೆ ನಮ್ಮ ಅಮ್ಮನ ಮುಖ ನೋಡುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಹೆಣ್ಣುಮಗಳು ಎಂದರೆ ಅವರಿಗೆ ಒಪ್ಪಿಗೆ. ಡ್ರಮ್ಸ್ ಎಂದರೆ ಗಣೇಶನ ಮೆರವಣಿಗೆಯೇ ಕಣ್ಣಿಗೆ ಬರುತ್ತದೆ. ನಾನೂ ವಿವರಿಸಲು ಹೋಗುವುದಿಲ್ಲ. ಏಕಾದಶಿ ತಪ್ಪದ ಮನೆ ನಮ್ಮದು. ಅಜ್ಜಿ ಸಂಜೆ ದೇವರ ಮುಂದೆ ಹಾಡು ಹೇಳುವಾಗ ತಾಳ ಹಾಕುವ ಕೆಲಸ ನನ್ನದಾಗಿತ್ತು. ತಪ್ಪಿದರೆ ಆಕೆ ಹಾಡು ನಿಲ್ಲಿಸುತ್ತಿರಲಿಲ್ಲ, ಹಾಡುತ್ತಲೇ ನನ್ನ ತೊಡೆ ಚಿವುಟುತ್ತಿದ್ದಳು. ನನಗೆ ಬೇರೆ ಗುರು ಇರಲಿಲ್ಲ.

ಬ್ಯಾಂಡಿನಲ್ಲಿ ನಾವು ಮೂರೇ ಜನ. ಗಿಟಾರ್ ಬಾರಿಸಿ ಹಾಡುವವನು ಕುರುಗೋಡಿನವನು, ಈಗ ಅಲ್ಲಿಯೇ ಬ್ಯಾಂಕಿನಲ್ಲಿ ಗುಮಾಸ್ತ. ಬಾಸ್ ಗಿಟಾರಿನವನು ಸಿರುಗುಪ್ಪದವನು, ಅವನ ಸೋದರಮಾವನದು ಅಲ್ಲಿ ಅಕ್ಕಿ ಗಿರಣಿ. ಮೂವರೂ ಬಳ್ಳಾರಿಯ ಕಾಲೇಜಿನಲ್ಲಿ ಸಿಕ್ಕವರು. ವಾರ್ಷಿಕೋತ್ಸವದಲ್ಲಿ ನಮ್ಮ ಮೊದಲ ಕಾರ್ಯಕ್ರಮ. ಎರಡನೆಯ ಹಾಡಿನ ನಡುವೆ ಕರೆಂಟ್ ಹೋಯಿತು. ಹೋಯಿತೋ, ಯಾರಾದರೂ ತೆಗೆದರೋ ಇವತ್ತಿಗೂ ಗೊತ್ತಿಲ್ಲ. ಕೆಳಗಿಳಿದಾಗ ಒಬ್ಬರು ಮೇಷ್ಟ್ರು ಪ್ರೀತಿಯಿಂದಲೇ ಕೇಳಿದರು, "ಚಲೋ ಇತ್ತವಾ. ಯಾವ ಪಿಕ್ಚರಿಂದು?" ಹಾಡು ನಾವೇ ಬರೆದದ್ದು ಎಂದಾಗ ಅವರ ಮುಖದಲ್ಲಿದ್ದ ಮೆಚ್ಚುಗೆ ಅರ್ಧಕ್ಕರ್ಧ ಇಳಿಯಿತು. ಮುಂದೆ ಎಲ್ಲಿ ಬಾರಿಸಿದರೂ ಆ ಪ್ರಶ್ನೆ ಬಂತು, ಮುಖವೂ ಹಾಗೆಯೇ ಇಳಿಯಿತು.

ಅಭ್ಯಾಸಕ್ಕೆ ಜಾಗ ಸಿಗುವುದೇ ದೊಡ್ಡ ಪಾಡಾಯಿತು. ನಮ್ಮ ಮನೆಯಲ್ಲಿ ಒಂದು ದಿನ ಬಾರಿಸಿದೆವು, ಓಣಿಯವರು ಎರಡು ದಿನ ಮಾತು ಬಿಟ್ಟರು. ಕುರುಗೋಡಿನಲ್ಲಿ ಗಿಟಾರಿನವನ ಮನೆ ಗುಡ್ಡದ ಬುಡದಲ್ಲಿದೆ. ನಾವು ಒಮ್ಮೆ ಬಾರಿಸಿದ್ದನ್ನು ಗುಡ್ಡ ಇನ್ನೊಮ್ಮೆ ಬಾರಿಸಿ ತಾಳ ಕೆಡಿಸುತ್ತಿತ್ತು. ಕೊನೆಗೆ ಬಾಸಿನವನು ತನ್ನ ಮಾವನನ್ನು ಕೇಳಿದ. ಗಿರಣಿಯ ಹಿಂದೆ ಭತ್ತ ತುಂಬುವ ಗೋದಾಮು, ಭಾನುವಾರ ಅಲ್ಲಿ ಯಾರೂ ಇರುವುದಿಲ್ಲ. ಮಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮುಂದಿನ ವಾರ ಹೋದಾಗ ಹಮಾಲರು ಚೀಲಗಳನ್ನು ಸೂರಿನವರೆಗೆ ಒಟ್ಟಿ, ಒಂದು ಮೂಲೆಯಲ್ಲಿ ಕೋಣೆಯಷ್ಟು ಜಾಗ ಬಿಟ್ಟಿದ್ದರು.

ಅಂಥ ಜಾಗ ನಮಗೆ ಮತ್ತೆಲ್ಲೂ ಸಿಗಲಿಲ್ಲ. ಸುತ್ತ ಮೂರು ಕಡೆ ಭತ್ತದ ಚೀಲ. ಕೋಲು ಬಿದ್ದರೆ ಸದ್ದು ಅಲ್ಲಿಗಲ್ಲಿಗೇ ನಿಲ್ಲುತ್ತಿತ್ತು, ತಗಡಿನ ಸೂರಿಗೆ ಹೋಗಿ ಗಲಗಲ ಎನ್ನುತ್ತಿರಲಿಲ್ಲ. ಗೋದಾಮಿನಲ್ಲಿ ನಾಲ್ಕು ಬೆಕ್ಕುಗಳಿದ್ದವು. ಮೊದಲ ದಿನ ನಾನು ಡ್ರಮ್ಸಿನ ಹಿತ್ತಾಳೆ ತಾಟು ಬಾರಿಸಿದ ಕೂಡಲೇ ನಾಲ್ಕೂ ಕಂಬಿ ಕಿತ್ತವು. ತಿಂಗಳು ತುಂಬುವುದರೊಳಗೆ ಚೀಲದ ಮೇಲೆ ಮಲಗಿ ಒಂದು ಕಿವಿ ಮಾತ್ರ ಅಲ್ಲಾಡಿಸುತ್ತಿದ್ದವು. ಸುಗ್ಗಿ ಮುಗಿದು ಗೋದಾಮು ತುಂಬಿ ತುಳುಕುವಾಗ ಹಾಡು ಧ್ವನಿಮುದ್ರಿಸಿಕೊಂಡು ಅಂತರ್ಜಾಲಕ್ಕೆ ಹಾಕಿದೆವು. ಎಲ್ಲೋ ಗುವಾಹಟಿಯಿಂದ ಒಬ್ಬ ಬರೆದು ಕೇಳಿದ, ಡ್ರಮ್ಸ್ ಸದ್ದು ಇಷ್ಟು ಗಟ್ಟಿಯಾಗಿ ಬಂದಿದೆಯಲ್ಲ, ಯಾವ ಸ್ಟುಡಿಯೋ? ನಾವು "ಸೋನಾ ಮಸೂರಿ" ಎಂದು ಉತ್ತರ ಕೊಟ್ಟೆವು. ಅವನು ಆ ಸ್ಟುಡಿಯೋವನ್ನು ಇನ್ನೂ ಹುಡುಕುತ್ತಿರಬಹುದು.

ಮಾವ ದೊಡ್ಡ ಮಾತುಗಾರರಲ್ಲ. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವ ಕಬ್ಬಿಣದ ಕೊಳವೆ. ಪ್ರತಿ ಭಾನುವಾರ ನಾವು ಬಾರಿಸುವಾಗ ಬಂದು ಒಂದು ಚೀಲಕ್ಕೆ ಚುಚ್ಚಿ, ನಾಲ್ಕು ಕಾಳು ಅಂಗೈಯಲ್ಲಿ ಹಾಕಿ ನೋಡಿ, ಚೀಲಗಳ ಆ ಕಡೆ ಹೋಗಿಬಿಡುತ್ತಿದ್ದರು. ಹಾಡು ಹೇಗಿದೆ ಎಂದು ಒಂದು ದಿನವೂ ಹೇಳಿದವರಲ್ಲ. ಜಾಗ ಬಿಟ್ಟುಕೊಟ್ಟು ಈಗ ಅದನ್ನು ಬಾಯಿಬಿಟ್ಟು ವಾಪಸ್ ಕೇಳಲಾರದೆ ಹೀಗೆ ಸುಳಿದು ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ಆ ಮೂಲೆಯಲ್ಲಿ ಎಷ್ಟು ಚೀಲ ಹಿಡಿಯುತ್ತಿದ್ದವೋ ಎಂದುಕೊಂಡು ಕುಗ್ಗುತ್ತಿದ್ದೆ.

ಹುಬ್ಬಳ್ಳಿ, ಹೈದರಾಬಾದ್, ಬೆಂಗಳೂರು ಎಂದು ಅಲ್ಲೊಂದು ಇಲ್ಲೊಂದು ಕಾರ್ಯಕ್ರಮ ಮಾಡಿದೆವು. 'ಬಿಸಿಲಿಗೆ ರಜೆ ಇಲ್ಲ' ಎನ್ನುವ ನಮ್ಮ ಹಾಡನ್ನು ಬೆಂಗಳೂರಿನ ಒಂದು ಸಣ್ಣ ಸಭೆಯಲ್ಲಿ ಜನ ನಮ್ಮ ಜೊತೆ ಹಾಡಿದರು. ನಮ್ಮ ಏಳಿಗೆ ಅಲ್ಲಿಗೆ ಬಂದು ನಿಂತಿತು. ಜಗಳವಿಲ್ಲ, ಮುನಿಸಿಲ್ಲ. ಹೊಸ ಹಾಡು ಬರುವುದು ನಿಂತಿತು, ಅಷ್ಟೆ. ಹಳೆಯ ಏಳೆಂಟು ಹಾಡುಗಳನ್ನೇ ಪ್ರತಿ ಭಾನುವಾರ ತಿರುವಿ ಹಾಕಿ ಮನೆಗೆ ಬರುತ್ತಿದ್ದೆವು. ಹೀಗೆ ಎರಡು ವರ್ಷ.

ನನಗೆ ಸಾಕಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ, ನಿಜವಾಗಿ ಸಾಕಾಗಿತ್ತು. ವಾರದ ಆರು ದಿನ ಮಕ್ಕಳಿಗೆ ಬೀಜಗಣಿತ ಕಲಿಸಿ, ಏಳನೆಯ ದಿನ ಬೆಳಿಗ್ಗೆ ಎದ್ದು ಕುರುಗೋಡು ಸುತ್ತಿ ಸಿರುಗುಪ್ಪಕ್ಕೆ ಹೋಗುವ ಬಸ್ಸು ಹಿಡಿಯಬೇಕು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನದವರೆಗೆ ಮಲಗಬೇಕು ಎನ್ನುವುದೇ ನನ್ನ ದೊಡ್ಡ ಆಸೆಯಾಯಿತು. ಆದರೆ ಬಿಡುತ್ತೇನೆ ಎಂದು ಯಾವ ಬಾಯಿಂದ ಹೇಳಲಿ? ಗಿಟಾರಿನವನು ಬ್ಯಾಂಡಿಗಾಗಿ ಪ್ರಮೋಷನ್ ಬಿಟ್ಟವನು, ತೆಗೆದುಕೊಂಡಿದ್ದರೆ ದೂರದ ಊರಿಗೆ ಹೋಗಬೇಕಾಗುತ್ತಿತ್ತು. ಬಾಸಿನವನು ಮದುವೆಗೆ ಮೊದಲೇ ಹೆಣ್ಣಿಗೆ 'ಭಾನುವಾರ ನನ್ನನ್ನು ಕೇಳಬೇಡ' ಎಂದು ಹೇಳಿ ಒಪ್ಪಿಸಿದವನು. ಇಂಥವರ ಮುಂದೆ ನನಗೆ ನಿದ್ದೆ ಬೇಕು ಎಂದರೆ ಹನ್ನೊಂದು ವರ್ಷದ ಸ್ನೇಹ ಉಳಿದೀತೇ? ನನಗಿದ್ದ ಭಯ ಅದೊಂದೇ. ದಾಕ್ಷಿಣ್ಯಕ್ಕೆ ಬಸುರಾದರೆ ಹಡೆಯಲು ಜಾಗವಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಆಕೆ ಇದ್ದಿದ್ದರೆ ಮತ್ತೆ ತೊಡೆ ಚಿವುಟುತ್ತಿದ್ದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೊಂದು ದಾರಿ ಹೊಳೆಯಿತು. ಸುಗ್ಗಿಯ ಕಾಲ, ದೇಶನೂರು ಕಡೆಯಿಂದ ಟ್ರಾಕ್ಟರುಗಳು ಸಾಲುಗಟ್ಟಿ ಬರುತ್ತಿದ್ದವು. ಶಾಲೆಗೆ ಒಂದು ದಿನ ರಜೆ ಹಾಕಿ ಒಬ್ಬಳೇ ಸಿರುಗುಪ್ಪಕ್ಕೆ ಹೋದೆ. ಮಾವ ಗಿರಣಿಯ ಮುಂದೆ ನಿಂತಿದ್ದರು.

"ಮಾವ, ಒಂದು ಉಪಕಾರ ಮಾಡ್ರಿ," ಎಂದೆ. "ಈ ಸಲ ನೆಲ್ಲು ಭಾಳ ಬಂದೈತಿ, ಮೂಲಿ ಜಾಗ ಬೇಕಾಗೈತಿ ಅಂತ ಅವರಿಬ್ಬರಿಗೂ ಹೇಳಿಬಿಡ್ರಿ. ನಾ ಬಂದಿದ್ದೆ ಅಂತ ಮಾತ್ರ ಹೇಳಬ್ಯಾಡ್ರಿ."

ಅವರು ನನ್ನ ಮುಖ ಒಮ್ಮೆ ನೋಡಿದರು. ಅಂಗೈಯಲ್ಲಿದ್ದ ಕಾಳು ಕೆಳಗೆ ಚೆಲ್ಲಿ, "ನೋಡೂಣು ತಗಾ," ಎಂದರು.

ಬಸ್ಸಿನಲ್ಲಿ ಬರುವಾಗ ಹಗುರಾಗಬೇಕಿತ್ತು, ಆಗಲಿಲ್ಲ. ಒಬ್ಬ ದೊಡ್ಡ ಮನುಷ್ಯನಿಂದ ಸುಳ್ಳು ಹೇಳಿಸಲು ಹೊರಟಿದ್ದೇನೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ತಿರುಗಿ ಹೋಗಿ ಬೇಡ ಎನ್ನಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಮುಂದಿನ ಭಾನುವಾರ ಹೋದಾಗ ಮೂಲೆಯಲ್ಲಿ ನನ್ನ ಡ್ರಮ್ಸ್ ಮುಂದೆ ಮೂರು ಕುರ್ಚಿ ಹಾಕಿತ್ತು. ಮಾವ ನಿಂತೇ ಇದ್ದರು.

"ಕುಂದರ್ರಿ ಮೂರೂ ಮಂದಿ. ಬಾರಿಸೂದು ಆಮ್ಯಾಲೆ."

ಕುಳಿತೆವು. ಇಷ್ಟು ಶಾಸ್ತ್ರೋಕ್ತವಾಗಿ ಹೇಳುತ್ತಾರೆ ಎಂದು ನಾನು ಎಣಿಸಿರಲಿಲ್ಲ.

"ದೀಪಾವಳಿ ಆದ ಮರುವಾರ ಇವ ಬಂದ," ಎಂದು ಅಳಿಯನ ಕಡೆ ಕೊಳವೆ ತೋರಿಸಿದರು. "ಮಾವಾ, ಜಾಗ ಬೇಕಾಗೈತಿ ಅಂತ ಹೇಳಿಬಿಡು, ನಾ ಹೇಳಿದ್ರ ಅವರಿಗೆ ಬ್ಯಾಸರ ಆಕ್ಕತಿ ಅಂದ. ಹದಿನೈದ ದಿನಕ್ಕ ಈ ಬ್ಯಾಂಕಿನಾಂವ ಬಂದ. ಅದ ಮಾತು. ಮೊನ್ನಿ ನಮ್ಮ ಟೀಚರಮ್ಮ ಬಂದ್ಲು, ಸಾಲಿಗೆ ರಜಾ ಹಾಕಿ. ಅದ ಮಾತು! ಬಿಡೂದಿದ್ರ ಬಿಡ್ರಿ. ನಾ ಯಾವತ್ತಾರ ಜಾಗ ಕೇಳೀನೇನು? ನೀವು ಮೂರು ಮಂದಿ ಚಲೋರು ಆಗಾಕ ನಾ ಒಬ್ಬಾಂವ ಯಾಕ ಕೆಟ್ಟಾಂವ ಆಗ್ಲಿ?"

ಇಷ್ಟು ಉದ್ದ ಅವರು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಮೊದಲು ನಕ್ಕವನು ಗಿಟಾರಿನವನು. "ಲೇ, ನೀನೂ ಏನಲೇ?" ಎಂದು ಬಾಸಿನವನ ಬೆನ್ನಿಗೆ ಗುದ್ದಿದ.

"ಮತ್ತ ನೀನು? ಪ್ರಮೋಷನ್ ಬಿಟ್ಟಿದ್ದಿ?" ಎಂದು ನಾನು ಕೇಳಿದೆ.

"ಮ್ಯಾನೇಜರ್ ಆಗಿ ಯಾರ ಸಾಯಬೇಕವಾ? ಅದು ನನಗ ಬ್ಯಾಡಾಗಿತ್ತು. ಮನ್ಯಾಗ ಬ್ಯಾಂಡ್ ಐತಿ ಅಂತ ಹೇಳಿ ತಪ್ಪಿಸ್ಕಂಡೆ."

ಎಷ್ಟು ವರ್ಷ ಆ ಪ್ರಮೋಷನ್ನಿನ ಭಾರ ಹೊತ್ತು ನಾನು ಕೋಲು ಹಿಡಿದಿದ್ದೆ! ಅವನನ್ನು ಅಲ್ಲಿಯೇ ಹೊಡೆಯಬೇಕು ಎನಿಸಿತು, ಅಪ್ಪಿಕೊಳ್ಳಬೇಕು ಎಂದೂ ಎನಿಸಿತು. ಬಾಸಿನವನು ಮಾತ್ರ ನಗಲಿಲ್ಲ. "ನನ್ನ ಮಗಳು ವಾರದ ಹೆಸರು ಕಲಿಯಾಕ ಹತ್ತ್ಯಾಳ," ಎಂದ. "ಭಾನುವಾರ ಅಂದ್ರ ಅಪ್ಪ ಇಲ್ಲದ ದಿನ ಅಂತಾಳ." ಅವತ್ತು ಬಾರಿಸದೆಯೇ ಎದ್ದೆವು. ಡ್ರಮ್ಸ್ ಒಯ್ಯಲು ಗಾಡಿ ತರುತ್ತೇನೆ ಎಂದರೆ ಮಾವ, "ಇರ್ಲಿ ಬಿಡು, ಅದೇನು ಕೂಳು ಕೇಳ್ತೈತೇನು?" ಎಂದರು.

ನಾನೂ ಗಿಟಾರಿನವನೂ ಕುರುಗೋಡಿನಲ್ಲಿ ಇಳಿದು ಬಸ್ ನಿಲ್ದಾಣದ ಮುಂದೆ ಒಗ್ಗಾಣಿ ಮಿರ್ಚಿ ತಿಂದೆವು. ಹನ್ನೊಂದು ವರ್ಷದ ಬ್ಯಾಂಡು ಮುಗಿದ ದಿನ ಅಳು ಬರಬೇಕಿತ್ತು, ನನಗೆ ಬಂದದ್ದು ಹಸಿವು. ಎರಡನೆಯ ತಟ್ಟೆ ಹಾಕಿಸಿಕೊಂಡೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ನೋಡಿ ನೀರಿನ ಲೋಟ ನನ್ನ ಕಡೆ ಸರಿಸಿದ. ಎಷ್ಟು ಹಗುರಾಗಿದ್ದೆ ಎಂದರೆ ಬಳ್ಳಾರಿಯ ಬಸ್ಸಿನಲ್ಲಿ ಸೀಟು ಸಿಗದಿದ್ದದ್ದೂ ಬೇಸರ ತರಲಿಲ್ಲ.

ಆಮೇಲಿನ ಭಾನುವಾರಗಳು ನಾನು ಬಯಸಿದ ಹಾಗೆಯೇ ಇದ್ದವು. ಎಣ್ಣೆ ಹಚ್ಚಿಕೊಂಡೆ, ಮಲಗಿದೆ, ಅಮ್ಮನ ಜೊತೆ ಹಲಕುಂದಿ ಮಠಕ್ಕೂ ಹೋಗಿ ಬಂದೆ. ಪಶ್ಚಾತ್ತಾಪ ಎನ್ನುವುದು ಬಂದೀತು ಎಂದು ಕಾದೆ, ಬರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮಾವನ ಫೋನು ಬಂತು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಏನವಾ, ಆರಾಮದಿ? ಇಲ್ಲಿ ಇಲಿ ಕಾಟ ಭಾಳ ಆಗೈತಿ. ಚೀಲ ಎಲ್ಲಾ ತೂತು. ನಿಮ್ಮ ಡಬಡಬ ಇದ್ದಾಗ ಒಂದ ಇಲಿ ಇರಲಿಲ್ಲ ನೋಡು. ತಿಂಗಳಿಗೊಮ್ಮಿ ಬಂದು ಬಾರಿಸಿ ಹೋಗ್ರಿ ಮೂರೂ ಮಂದಿ. ಇದು ನನ್ನ ಕೆಲಸ, ದಾಕ್ಷಿಣ್ಯ ಏನಿಲ್ಲ."

ಉಳಿದಿಬ್ಬರಿಗೂ ಅದೇ ಮಾತು ಹೇಳಿದ್ದರು. ಹೋದೆವು. ಬಾಸಿನವನು ಮಗಳನ್ನೂ ಕರೆತಂದಿದ್ದ. ಗೋದಾಮಿನಲ್ಲಿ ಚೀಲಗಳು ಸೂರು ಮುಟ್ಟಿದ್ದವು. ಹೊರಗೆ ಜಗುಲಿಯ ಮೇಲೂ ಚೀಲ ಒಟ್ಟಿ ತಾಡಪಾಲು ಹೊದಿಸಿದ್ದರು. ನಮ್ಮ ಮೂಲೆ ಮಾತ್ರ ಖಾಲಿ, ಗುಡಿಸಿ ಇಟ್ಟಿತ್ತು. ಡ್ರಮ್ಸ್ ಮೇಲೆ ಧೂಳಿರಲಿಲ್ಲ.

ಬಾರಿಸಿದೆವು. ನಾನು ಎರಡು ಕಡೆ ತಪ್ಪಿದೆ, ಗಿಟಾರಿನವನು ಒಂದು ಚರಣವನ್ನೇ ಮರೆತ. ಯಾರು ಬಿಟ್ಟಾರು, ಯಾರಿಗೆ ನೋವಾದೀತು ಎನ್ನುವ ಲೆಕ್ಕಾಚಾರ ಇರಲಿಲ್ಲವಾದ್ದರಿಂದ ಎಂದೂ ಇಲ್ಲದ ಸುಖವಾಯಿತು. ಮಗು ಚೀಲದ ಮೇಲೆ ಕುಳಿತು ಕುಣಿಯುತ್ತಿತ್ತು. ನೀರು ಕುಡಿಯಲು ಎದ್ದು ಚೀಲಗಳ ಆ ಕಡೆ ಹೋದೆ. ಇಷ್ಟು ವರ್ಷ ಅತ್ತ ಹೋದವಳಲ್ಲ. ಅಲ್ಲೊಂದು ಹಳೆಯ ಕಬ್ಬಿಣದ ಕುರ್ಚಿ. ಕೂತು ಕೂತು ಅದರ ಹಾಸು ತಗ್ಗಾಗಿತ್ತು, ಬೆನ್ನಿಗೆ ಮಾವನ ಟವೆಲು, ಕಾಲ ಬಳಿ ಕಾಳು ನೋಡುವ ಕೊಳವೆ. ಅದರ ಪಕ್ಕ ನಾಲ್ಕು ಬೆಕ್ಕುಗಳು ಉಂಡು ದುಂಡಗಾಗಿ ಮಲಗಿದ್ದವು.

ಬಂದು ಬಾಸಿನವನ ಕಿವಿಯಲ್ಲಿ, "ಇಲಿ ಎಲ್ಲದಾವಲೇ?" ಎಂದು ಕೇಳಿದೆ.

"ಎಲ್ಲಿ ಇಲಿ? ನಾ ಹುಟ್ಟಿದಾಗಿಂದ ಈ ಗೋದಾಮಿನ್ಯಾಗ ಒಂದ ಇಲಿ ನೋಡಿಲ್ಲ," ಎಂದ.

ಹೊರಡುವಾಗ ಮಾವ ಬಾಗಿಲಲ್ಲಿ ಕೊಳವೆ ಹಿಡಿದು ನಿಂತಿದ್ದರು. ಅಷ್ಟು ವರ್ಷ ಈ ಮನುಷ್ಯನಿಗೆ ಹೊರೆಯಾದೆವು ಎಂದುಕೊಂಡಿದ್ದೆ. ಕೇಳದೆ ಇರಲಾಗಲಿಲ್ಲ.

"ಮಾವ, ಇಲಿ ಹೋದುವೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. ಹತ್ತಿರದ ಚೀಲಕ್ಕೆ ಕೊಳವೆ ಚುಚ್ಚಿ, ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡುತ್ತ ಹೇಳಿದರು.

"ಒಂದ ದಿನಕ್ಕ ಎಲ್ಲಿ ಹೋಗ್ತಾವವಾ? ಮುಂದಿನ ತಿಂಗಳೂ ಬರ್ರಿ. ಆ ಬಿಸಿಲಿನ ಹಾಡಿಗೆ ಸ್ವಲ್ಪ ಅಂಜಿದಂಗ ಕಂಡುವು, ಅದನ್ನ ಎರಡ ಸಲ ಬಾರಿಸ್ರಿ."