ಶೇಷಾದ್ರಿಯ ಐದು ಕಂಪನಿಗಳು

ಶೇಷಾದ್ರಿ ದೊಡ್ಡ ಮನುಷ್ಯನಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು, ಸ್ವೀಡನ್ನಿನ ಸೋಡರ್‌ಟೆಲ್ಯೆಗೆ ಬಂದು ಲಾರಿ ಎಂಜಿನ್ ಜೋಡಿಸುವ ಸಾಲಿನಲ್ಲಿ ನಿಂತ. ಆಯುಸ್ಸೆಲ್ಲ ಅಲ್ಲೇ ಸವೆಯಿತು. ಹೆಂಡತಿ ನಳಿನಿ ಏಳನೇ ಕ್ಲಾಸು ಓದಿದವಳು. ಶಾಲೆಯೊಂದರ ಅಡುಗೆಮನೆಯಲ್ಲಿ ಅವಳಿಗೆ ಅರ್ಧ ದಿನದ ಕೆಲಸ. ಒಬ್ಬಳೇ ಮಗಳು ಪಾವನಾ ಯೋನ್‌ಶೋಪಿಂಗ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಬಾಡಿಗೆ ಮನೆ. ಎರಡು ಕೋಣೆ, ಒಂದು ಬಾಲ್ಕನಿ. ಇಷ್ಟೇ ಸಂಸಾರ.

ಸುತ್ತಲಿನ ಕನ್ನಡದವರು ಅವನನ್ನು ನೆನೆಯುವುದು ಷೇರಿನಿಂದ. ಅವರೆಲ್ಲ ಕಂಪ್ಯೂಟರ್ ಕೆಲಸದವರು, ದೊಡ್ಡ ಸಂಬಳದವರು. ಆದರೂ ಹಬ್ಬಕ್ಕೆ ಸೇರಿದಾಗ ಉಳಿತಾಯದ ಮಾತು ಬಂದರೆ ಫಿಟ್ಟರ್ ಶೇಷಾದ್ರಿಯ ಸುತ್ತಲೇ ಕೂರುತ್ತಿದ್ದರು.

ಅವನ ಪದ್ಧತಿ ಸುಲಭವಾಗಿತ್ತು. ವರ್ಷಕ್ಕೊಮ್ಮೆ, ಸಂಕ್ರಾಂತಿಯ ದಿನ, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುವನು. ಸ್ಟಾಕ್‌ಹೋಮ್ ಮಾರುಕಟ್ಟೆಯ ದೊಡ್ಡ ಕಂಪನಿಗಳನ್ನು ಮಾತ್ರ ನೋಡುವನು. ನೂರು ಕ್ರೋನಾ ಬೆಲೆಯ ಷೇರಿಗೆ ವರ್ಷಕ್ಕೆ ಎಷ್ಟು ಲಾಭಾಂಶ ಕೊಡುತ್ತಾರೆ ಎಂದು ಲೆಕ್ಕ ಹಾಕುವನು. ಹತ್ತು ವರ್ಷದಲ್ಲಿ ಒಮ್ಮೆಯಾದರೂ ಕಡಿಮೆ ಮಾಡಿದವರನ್ನು ಬಿಟ್ಟುಬಿಡುವನು. ಉಳಿದವರಲ್ಲಿ ಹೆಚ್ಚು ಕೊಡುವ ಐದು ಕಂಪನಿಗಳಿಗೆ ಸಮನಾಗಿ ಹಣ ಹಂಚುವನು. ಆಮೇಲೆ ಮುಂದಿನ ಸಂಕ್ರಾಂತಿಯವರೆಗೆ ಅದರ ತಂಟೆಗೆ ಹೋಗುವುದಿಲ್ಲ. ನಡುವೆ ಯಾರಾದರೂ ಲಾಭಾಂಶ ನಿಲ್ಲಿಸಿದರೆ ಮಾತ್ರ, ಆ ದಿನವೇ ಮಾರಾಟ.

"ಎಲ್ಲಾ ಮುದುಕರ ಕಂಪನಿ ಅಂಕಲ್ ನಿಮ್ದು. ಬ್ಯಾಂಕು, ಟೆಲಿಫೋನು, ಕಾಗದ" ಎಂದು ಸುಂಡ್‌ಬೀಬರ್ಯ್‌ನ ಹರ್ಷ ಎಂಬ ಹುಡುಗ ರೇಗಿಸುತ್ತಿದ್ದ.

"ಮುದುಕರೇ ಕಣಪ್ಪ ಕೈಯೆತ್ತಿ ಕೊಡೋದು. ನಿಮ್ಮ ಹುಡುಗರ ಕಂಪನಿಗಳು ದುಡಿದಿದ್ದೆಲ್ಲ ತಾವೇ ತಿಂತವೆ."

ನಳಿನಿ ಒಮ್ಮೆ ಪಾತ್ರೆ ತೊಳೆಯುತ್ತಾ ಕೇಳಿದ್ದಳು. "ಯಾಕ್ರೀ ಐದು? ಎಲ್ಲರಿಗಿಂತ ಜಾಸ್ತಿ ಯಾರು ಕೊಡ್ತಾರೋ ಅವ್ರ ಹತ್ರಾನೇ ಹಾಕ್ಬಾರ್ದಾ?"

"ಜಾಸ್ತಿ ಕೊಡೋ ಹಾಗೆ ಕಾಣೋರು ಎರಡು ಥರ ಕಣೇ. ಒಬ್ಬ ನಿಜವಾಗ್ಲೂ ಕೊಡೋನು. ಇನ್ನೊಬ್ಬನ ಷೇರು ಬೆಲೆ ಬಿದ್ದೋಗಿರತ್ತೆ, ಹೋದ್ ವರ್ಷ ಕೊಟ್ಟಿದ್ದೇ ಈ ಬೆಲೆ ಮುಂದೆ ದೊಡ್ಡದಾಗಿ ಕಾಣತ್ತೆ. ಹೊರಗಿಂದ ಇಬ್ರೂ ಒಂದೇ. ನನಗೂ ಗೊತ್ತಾಗಲ್ಲ. ಅದಕ್ಕೇ ಐದು. ಒಬ್ಬ ಕೈಕೊಟ್ರೆ ನಾಲ್ಕು ಜನ ಇರ್ತಾರೆ."

ಸಂಕ್ರಾಂತಿ ಬಿಟ್ಟರೆ ಅವರಿಗೆ ಇನ್ನೊಂದು ಹಬ್ಬವಿತ್ತು. ವಸಂತದಲ್ಲಿ ಕಂಪನಿಗಳ ವಾರ್ಷಿಕ ಸಭೆ. ಒಂದೇ ಷೇರಿದ್ದರೂ ಹೋಗಬಹುದು, ಜೊತೆಗೊಬ್ಬರನ್ನು ಕರೆದುಕೊಂಡೂ ಹೋಗಬಹುದು. ಶೇಷಾದ್ರಿ ರಜ ಹಾಕಿ ಕೋಟು ತೊಡುತ್ತಿದ್ದ. ನಳಿನಿ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಎದೆಗೊಂದು ಹೆಸರಿನ ಚೀಟಿ ಅಂಟಿಸುತ್ತಿದ್ದರು. ಕಾಫಿ, ಏಲಕ್ಕಿ ಬನ್ನು. ಲಾಭಾಂಶದ ಮಾತು ಬಂದಾಗ ಅಧ್ಯಕ್ಷರು ಸಭೆ ಒಪ್ಪುತ್ತದೆಯೇ ಎಂದು ಕೇಳುವರು. ಎಲ್ಲರೂ ಒಟ್ಟಿಗೆ "ಯಾ" ಎನ್ನುವರು. ಅಧ್ಯಕ್ಷರು ಮರದ ಸುತ್ತಿಗೆ ಬಡಿಯುವರು. ಆಯಿತು.

"ಕಾರ್ಖಾನೇಲಿ ನನ್ನ ಮಾತು ಪೊರಕೆ ಹಿಡಿಯೋನೂ ಕೇಳಲ್ಲ" ಎಂದು ಶೇಷಾದ್ರಿ ನಗುತ್ತಿದ್ದ. "ಇಲ್ಲಿ ನೋಡು, ನಾನು ಹ್ಞೂಂ ಅನ್ನೋವರ್ಗೂ ಅಧ್ಯಕ್ಷರು ಸುತ್ತಿಗೆ ಇಳಿಸಲ್ಲ."

ಆಮೇಲೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಡಾಕ್ಟರು ವರ್ಷಗಳ ಮಾತು ಆಡಲಿಲ್ಲ, ತಿಂಗಳುಗಳ ಮಾತು ಆಡಿದರು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಶೇಷಾದ್ರಿ ಕಂಪ್ಯೂಟರ್ ಮುಂದೆ ಕೂತ. ಸಂಕ್ರಾಂತಿ ಇನ್ನೂ ದೂರವಿತ್ತು. ನಾಲ್ಕು ಕಂಪನಿಗಳನ್ನು ಮಾರಿದ. ಬಂದ ಹಣವನ್ನೆಲ್ಲ ಐದನೆಯದಕ್ಕೆ ಹಾಕಿದ. ಅದು ಕಾಗದದ ಕಂಪನಿ. ಐದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಡುತ್ತಿದ್ದುದು ಅದೇ.

ನಳಿನಿ ಹಿಂದೆ ನಿಂತು ನೋಡಿದಳು. "ಐದು ಅಂತಿದ್ರಲ್ಲ ರೀ."

"ಐದಕ್ಕೆ ಟೈಮ್ ಬೇಕು ನಳಿನಿ. ನನ್ನ ಹತ್ರ ಎಲ್ಲಿದೆ?" ಅವನು ತಿರುಗಲಿಲ್ಲ. "ನಿನ್ನ ಅರ್ಧ ಸಂಬಳದ ಜೊತೆ ಇದು ಸೇರಿದ್ರೆ ಮನೆ ಬಾಡಿಗೆ ಹೋಗತ್ತೆ. ಐದರಿಂದ ಆಗಲ್ಲ. ನೀನು ಯಾರ ಮನೇಲೂ ಹೋಗಿ ಕೂತ್ಕೋಬಾರ್ದು."

ಅವನ ಕತ್ತು ಆಗಲೇ ಸಣ್ಣಗಾಗಿತ್ತು. ಅಂಗಿಯ ಕಾಲರಿನಲ್ಲಿ ಒಂದು ಕೈ ತೂರುವಷ್ಟು ಜಾಗವಿತ್ತು. ನಳಿನಿ ಗಂಜಿ ಕಾಯಿಸಲು ಹೋದಳು.

ನವೆಂಬರಿನಲ್ಲಿ ಶೇಷಾದ್ರಿ ಸತ್ತ. ಸುಡಲು ಮೂರು ವಾರ ಕಾಯಬೇಕಾಯಿತು. ಇಲ್ಲಿ ಹೆಣವೂ ಸರದಿಯಲ್ಲಿ ಮಲಗುತ್ತದೆ.

ವೈಕುಂಠ ಸಮಾರಾಧನೆಯ ಊಟಕ್ಕೆ ಕನ್ನಡದವರೆಲ್ಲ ಬಂದಿದ್ದರು. ಹರ್ಷನಿಗೆ ಪಾವನಾಳಿಂದ ವಿಷಯ ತಿಳಿಯಿತು. ಎಲೆಯ ಮುಂದೆ ಕೂತವನ ಬಾಯಿ ನಿಲ್ಲಲಿಲ್ಲ. "ಒಂದೇ ಕಂಪನೀಲಾ? ಅಂಕಲ್ಲಾ? ನಮಗೆಲ್ಲ ಐದು ಐದು ಅಂತ ಪಾಠ ಹೇಳಿ, ತಾವು ಹೀಗಾ ಮಾಡೋದು?"

ನಳಿನಿ ಸಾರಿನ ಪಾತ್ರೆ ಹಿಡಿದು ಅವನ ಮುಂದೆ ನಿಂತಳು. "ಬಾಯಿಮುಚ್ಕೊಂಡು ಊಟ ಮಾಡಪ್ಪ. ನಿನ್ನ ದುಡ್ಡಲ್ಲ."

ಹರ್ಷ ತಲೆ ತಗ್ಗಿಸಿ ಉಂಡ.

ಸತ್ತವನ ಆಸ್ತಿ ಹಂಚಿಕೆಯಾಗುವ ತನಕ ಈ ದೇಶದಲ್ಲಿ ಅದನ್ನೇ ಒಬ್ಬ ಮನುಷ್ಯನ ಹಾಗೆ ಕಾಣುತ್ತಾರೆ. ಅದಕ್ಕೆ ದೋಡ್ಸ್‌ಬೂ ಎಂದು ಹೆಸರು, ಸತ್ತವನ ಮನೆ ಎಂದ ಹಾಗೆ. ಪತ್ರಗಳು ಆ ಹೆಸರಿಗೇ ಬರುತ್ತವೆ. ಶೇಷಾದ್ರಿ ಉಯಿಲಿನಲ್ಲಿ ಮಗಳಿಗೂ ಪಾಲು ಬರೆದಿದ್ದರಿಂದ, ಅದರಲ್ಲಿರುವುದನ್ನು ಮಾರಬೇಕಾದರೆ ತಾಯಿ ಮಗಳು ಇಬ್ಬರೂ ಸಹಿ ಹಾಕಬೇಕು.

ಫೆಬ್ರವರಿಯಲ್ಲಿ ಕಾಗದದ ಕಂಪನಿ ನಷ್ಟವಾಗಿದೆ ಎಂದು ಹೇಳಿತು. ಈ ವರ್ಷ ಲಾಭಾಂಶ ಬೇಡ ಎಂಬುದು ಆಡಳಿತ ಮಂಡಳಿಯ ಸಲಹೆ. ಆ ದಿನವೇ ಷೇರಿನ ಬೆಲೆ ಅರ್ಧಕ್ಕೆ ಬಿತ್ತು. ಮಾರನೆಯ ದಿನ ಪಾವನಾ ರೈಲು ಹಿಡಿದು ಬಂದಳು. ಬ್ಯಾಂಕಿನ ಕಾಗದದ ಮೇಲೆ ತನ್ನ ಸಹಿ ಹಾಕಿಯೇ ತಂದಿದ್ದಳು.

"ಅಮ್ಮಾ, ಸೈನ್ ಮಾಡು. ಪ್ಲೀಸ್. ಇನ್ನೂ ಬೀಳತ್ತೆ."

"ಯಾಕೆ ಮಾಡ್ಲಿ?"

"ಅಪ್ಪನ ರೂಲೇ ಅಲ್ವಾ? ನಿಲ್ಸಿದ ದಿನಾನೇ ಮಾರ್ಬೇಕು ಅಂತ?"

"ಎಲ್ಲಿ ನಿಲ್ಸಿದ್ರು? ಬರೀ ಸಲಹೆ ಅದು. ಸಭೆ ಒಪ್ಪಬೇಕು. ನಾನು ನೋಡಿದೀನಿ."

"ಒಪ್ಪೇ ಒಪ್ಪತ್ತಮ್ಮ. ದೊಡ್ಡ ದೊಡ್ಡ ಓನರ್ಸ್ ಮೊದಲೇ ಮಾತಾಡ್ಕೊಂಡಿರ್ತಾರೆ."

"ನಾವೂ ಓನರ್ಸೇ."

ಪಾವನಾ ಸ್ವೀಡಿಷ್‌ನಲ್ಲಿ ಏನೋ ಅಂದು ಬಾಲ್ಕನಿಗೆ ಹೋಗಿ ಅತ್ತಳು. ನಳಿನಿ ಆ ಕಾಗದವನ್ನು ಮಡಚಿ ಕೈಚೀಲದಲ್ಲಿಟ್ಟಳು. ಲಾಭಾಂಶ ಬಂದರೆ ಮನೆ ಉಳಿಯುತ್ತದೆ, ಬರದಿದ್ದರೆ ಇಲ್ಲ. ಈಗ ಮಾರಿದರೆ ಅಂತೂ ಇಲ್ಲವೇ ಇಲ್ಲ. ಅಷ್ಟು ಅವಳಿಗೂ ತಿಳಿಯುತ್ತಿತ್ತು. ಇನ್ನೊಂದು ಮಾತೂ ಇತ್ತು, ಅದನ್ನು ಮಗಳಿಗೆ ಹೇಳಲಿಲ್ಲ. ಆ ಸಹಿ ಹಾಕಿದರೆ, ಸಾಯುವ ಮುಂಚೆ ಅವರು ಮಾಡಿದ ಕೊನೆಯ ಕೆಲಸ ತಪ್ಪು ಎಂದು ಬರೆದುಕೊಟ್ಟ ಹಾಗೆ.

ಏಪ್ರಿಲಿನಲ್ಲಿ ಸಭೆ. ಸ್ಟಾಕ್‌ಹೋಮಿನ ಹೋಟೆಲ್ ಒಂದರಲ್ಲಿ. ನಳಿನಿ ಅದೇ ರೇಷ್ಮೆ ಸೀರೆ ಉಟ್ಟು, ಅದೇ ಜಾಕೆಟ್ ಹಾಕಿಕೊಂಡು, ಲೋಕಲ್ ರೈಲಿನಲ್ಲಿ ಒಬ್ಬಳೇ ಹೋದಳು. ಬಾಗಿಲಲ್ಲಿ ಕೂತಿದ್ದ ಹುಡುಗಿ ಹೆಸರು ಹುಡುಕಿ ಚೀಟಿ ಕೊಟ್ಟಳು. ಅದರ ಮೇಲೆ ದೋಡ್ಸ್‌ಬೂ ಎಂದಿತ್ತು, ಕೆಳಗೆ ಶೇಷಾದ್ರಿ. ಹುಡುಗಿಗೆ ಮುಜುಗರವಾಯಿತು. "ಬೇಕಿದ್ದರೆ ನಿಮ್ಮ ಹೆಸರನ್ನೇ ಕೈಯಲ್ಲಿ ಬರೆದುಕೊಡುತ್ತೇನೆ" ಎಂದಳು.

"ಬೇಡ" ಎಂದು ನಳಿನಿ ಅದನ್ನೇ ಎದೆಗೆ ಅಂಟಿಸಿಕೊಂಡಳು.

ಒಳಗೆ ಕಾಫಿ ಇತ್ತು, ಬನ್ನು ಇರಲಿಲ್ಲ. ನಳಿನಿ ಮೇಜಿನ ಆ ಕಡೆ ಈ ಕಡೆ ನೋಡಿದಳು. ಎಲ್ಲೂ ಇರಲಿಲ್ಲ. ಶೇಷಾದ್ರಿ ಇದ್ದಿದ್ದರೆ ಅಲ್ಲಿಂದಲೇ, "ನಡಿ, ಬನ್ನು ನಿಲ್ಸಿದ್ರು, ಮಾರಾಕಣ" ಎನ್ನುತ್ತಿದ್ದ. ಅವಳು ಹೋಗಿ ಕೂತಳು. ಪಕ್ಕದಲ್ಲಿದ್ದ ಮುದುಕ ಅವಳ ಎದೆಯ ಚೀಟಿ ಓದಿ, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಸಂತಾಪ ಹೇಳಿದ. ನಳಿನಿ ತಲೆಯಾಡಿಸಿದಳು.

ನಷ್ಟದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಮುಂದೆ ಚೆನ್ನಾಗಾಗುತ್ತದೆ ಎಂದರು. ಕೊನೆಗೆ ಆ ಮಾತು ಬಂತು. ಈ ವರ್ಷ ಲಾಭಾಂಶವಿಲ್ಲ, ಸಭೆ ಒಪ್ಪುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು.

"ಯಾ" ಎಂದಿತು ಸಭೆ. ದೊಡ್ಡ ದನಿಯೇನಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವವರ ಹಾಗೆ ಅಂದರು.

"ಯಾರದಾದರೂ ವಿರೋಧವಿದೆಯೇ?"

ನಳಿನಿ ಎದ್ದು ನಿಂತಳು. "ನೇಯ್."

ತಲೆಗಳು ತಿರುಗಿದವು. ಮೈಕು ಹಿಡಿದವನೊಬ್ಬ ಓಡಿ ಬಂದ. ನಳಿನಿಯ ಸ್ವೀಡಿಷ್ ಶಾಲೆಯ ಅಡುಗೆಮನೆಯದು. ಆಲೂಗಡ್ಡೆ ಬೇಯಿತಾ, ನೆಲ ಒರೆಸಿದ್ದಾಯಿತಾ ಎನ್ನುವಷ್ಟು. ಅಷ್ಟರಲ್ಲೇ ಹೇಳಿದಳು. "ನನ್ನ ಗಂಡ ನಿಂತು ದುಡಿದ. ನೀವು ಕೊಡುತ್ತೀರಿ ಅಂದುಕೊಂಡ. ಎಲ್ಲವನ್ನೂ ನಿಮಗೇ ಕೊಟ್ಟ. ನಾನು ಇಲ್ಲ ಅನ್ನುತ್ತೇನೆ."

ಅಧ್ಯಕ್ಷರು ಕೋಪಿಸಿಕೊಳ್ಳಲಿಲ್ಲ. ಅದನ್ನೇ ಅವಳಿಂದ ಸಹಿಸಲಾಗಲಿಲ್ಲ. "ಧನ್ಯವಾದ. ನಿಮ್ಮ ವಿರೋಧವನ್ನು ನಡಾವಳಿಯಲ್ಲಿ ಬರೆದುಕೊಳ್ಳುತ್ತೇವೆ. ಯಾವ ಹೆಸರಿನಲ್ಲಿ?"

ನಳಿನಿ ಎದೆಯ ಮೇಲಿದ್ದುದನ್ನು ಓದಿದಳು. ಗಂಡನ ಹೆಸರನ್ನು ಅವಳು ಅಷ್ಟು ಜನರ ಮುಂದೆ ಎಂದೂ ಹೇಳಿರಲಿಲ್ಲ.

ಬರೆದುಕೊಂಡರು. ಸುತ್ತಿಗೆ ಬಿತ್ತು.

ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಮಗಳಿಗೆ ಫೋನ್ ಮಾಡಿದಳು. "ನಿಲ್ಸಿದ್ರು ಕಣೇ. ಇವತ್ತೇ ಬ್ಯಾಂಕಿಗೆ ಹೋಗಿ ಕಾಗದ ಕೊಡ್ತೀನಿ. ಆ ದಿನಾನೇ ಮಾರ್ಬೇಕು ಅಂತ ತಾನೇ."

"ಅಮ್ಮಾ..." ಎಂದಳು ಪಾವನಾ. "ಫೆಬ್ರವರಿಲೇ ಮಾರಿದ್ರೆ ಇನ್ನೂ ಸ್ವಲ್ಪ ಸಿಕ್ತಿತ್ತು."

"ಗೊತ್ತು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ. ಇಡು ಫೋನು."

ಕೈಯಲ್ಲಿ ಉಳಿದದ್ದು ಶೇಷಾದ್ರಿ ಕೂಡಿಟ್ಟಿದ್ದರ ಕಾಲು ಭಾಗ. ಬೇಸಿಗೆಯಲ್ಲಿ ಮನೆ ಬಿಟ್ಟಳು. ಅವನ ಕೋಟನ್ನು ಯಾರೂ ಕೇಳಲಿಲ್ಲ. ಹಳೆ ಬಟ್ಟೆಯ ಡಬ್ಬಿಗೆ ಹಾಕಿದಳು. ಹರ್ಷ ಕಾರು ತಂದು ಪೆಟ್ಟಿಗೆಗಳನ್ನು ಹೊತ್ತ. ಸುಂಡ್‌ಬೀಬರ್ಯ್‌ನ ಅವನ ಮನೆಯಲ್ಲಿ ಒಂದು ಸಣ್ಣ ಕೋಣೆ ಖಾಲಿಯಿತ್ತು. ಬೆಳಿಗ್ಗೆ ರೈಲು ಹಿಡಿದು ಶಾಲೆಯ ಅಡುಗೆಮನೆಗೆ ಹೋಗುವುದು, ಮಧ್ಯಾಹ್ನ ಬಂದು ಹರ್ಷನ ಮಗಳು ಅನ್ಯಾಳನ್ನು ಶಿಶುವಿಹಾರದಿಂದ ಕರೆತರುವುದು, ಸಾರು ಮಾಡುವುದು. ಯಾರೂ ಒಂದು ಕೆಟ್ಟ ಮಾತೂ ಆಡಲಿಲ್ಲ. ಒಳ್ಳೆಯ ಜನ. ಆದರೂ ಫ್ರಿಜ್ಜಿನ ಬಾಗಿಲು ತೆಗೆಯುವಾಗೆಲ್ಲ ನಳಿನಿ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾಳೆ.

ಸಂಕ್ರಾಂತಿ ಬಂತು. ಗಂಡನಿಲ್ಲದವಳು, ಎಳ್ಳು ಬೀರುವಂತಿಲ್ಲ. ಹರ್ಷನ ಹೆಂಡತಿ ದೀಪ್ತಿ ತಮ್ಮ ಪಾಲಿನದನ್ನು ಒಂದು ಬಟ್ಟಲಲ್ಲಿ ತಂದು ಮೇಜಿನ ಮೇಲಿಟ್ಟು ಹೋದಳು. ನಳಿನಿ ಹರ್ಷನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ತಾನು ಹಿಂದೆ ನಿಂತಳು.

ಹರ್ಷ ಪಟ್ಟಿ ತೆಗೆದ. ಹತ್ತು ವರ್ಷದಲ್ಲಿ ಕಡಿಮೆ ಮಾಡಿದವರನ್ನೆಲ್ಲ ಅಳಿಸಿದ. ಉಳಿದವರಲ್ಲಿ ಮೊದಲ ಐದನ್ನು ತೋರಿಸಿದ. "ಆಂಟಿ, ಇದೊಂದು ನೋಡಿ, ಎಲ್ಲಕ್ಕಿಂತ ಜಾಸ್ತಿ ಕೊಡ್ತಿದೆ. ಇರೋದೇ ಇಷ್ಟು ದುಡ್ಡು. ಇದಕ್ಕೇ ಸ್ವಲ್ಪ ಹೆಚ್ಚಿಗೆ ಹಾಕೋಣ್ವಾ? ಬೇಗ ಬೆಳೆಯತ್ತೆ."

"ಐದು" ಎಂದಳು ನಳಿನಿ. "ಐದಕ್ಕೂ ಸಮ."

"ಹೀಗಾದ್ರೆ ತುಂಬಾ ವರ್ಷ ಹಿಡಿಯತ್ತೆ ಆಂಟಿ."

"ಹಿಡೀಲಿ ಬಿಡಪ್ಪ. ನನ್ನ ಹತ್ರ ಇನ್ನೇನಿದೆ, ಟೈಮೇ ಇರೋದು."